ಆಕ್ಸಿಜನ್ ಸೆನ್ಸರ್ ಕೆಟ್ಟಿದೆಯಾ, ಇಲ್ಲಾ ಅದು ಹೇಳುತ್ತಿರುವುದೇ ನಿಜವಾ?

ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದೆ. ಮೈಲೇಜ್ ಇಳಿದಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0171 ಅಂತ ಕೋಡ್ ಬರುತ್ತದೆ. ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು’ ಎಂಬ ತೀರ್ಪೂ ಅದರ ಜೊತೆಗೇ ಬರುತ್ತದೆ. ಹೊಸ ಸೆನ್ಸರ್ ಹಾಕಿಸಿ, ಸಾವಿರಗಟ್ಟಲೆ ಬಿಲ್ ಕೊಟ್ಟು, ಕೋಡ್ ಅಳಿಸಿಕೊಂಡು ಮನೆಗೆ ಬಂದ ವಾರಕ್ಕೇ ಅದೇ ಲೈಟ್ ಮತ್ತೆ ಹತ್ತುತ್ತದೆ. ಕಾರು ಇಟ್ಟುಕೊಂಡವರಿಗೆ ಇದೇನೂ ಹೊಸ ಕಥೆಯಲ್ಲ.

ಪಿ0171 ಕೋಡ್ ಸೆನ್ಸರ್ ಕೆಟ್ಟಿದೆ ಅಂತ ಎಲ್ಲೂ ಹೇಳುವುದಿಲ್ಲ. ‘ಮಿಕ್ಸ್ಚರ್ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ, ಎಷ್ಟು ಜಾಸ್ತಿ ಕೊಟ್ಟರೂ ಸರಿಹೋಗುತ್ತಿಲ್ಲ’ ಅಂತ ಮಾತ್ರ ಹೇಳುತ್ತದೆ. ಆ ಸುದ್ದಿಯನ್ನು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ತಲುಪಿಸಿದ್ದು ಆಕ್ಸಿಜನ್ ಸೆನ್ಸರ್. ಅದನ್ನೇ ಕಿತ್ತು ಹಾಕುವುದು ಅಂದರೆ, ಮನೆಯಲ್ಲಿ ಕಳ್ಳತನ ಆಗಿದೆ ಅಂತ ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ತಳ್ಳಿದ ಹಾಗೆ. ಹಾಗಂತ ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ, ಕೆಡುತ್ತದೆ. ಅದು ಕೆಟ್ಟಿದೆಯೋ ಇಲ್ಲವೋ ಅನ್ನುವುದನ್ನು ಊಹೆಯಿಂದಲ್ಲ, ಪರೀಕ್ಷೆ ಮಾಡಿ ತಿಳಿಯಬಹುದು. ಪರೀಕ್ಷೆ ಕಷ್ಟದ್ದೂ ಅಲ್ಲ.

ಮೊದಲು ಈ ಸೆನ್ಸರ್ ಏನನ್ನು ನೋಡುತ್ತದೆ ಅಂತ ಗೊತ್ತಿರಬೇಕು. ಇದು 1976ರಲ್ಲಿ ಬಾಷ್ ಕಂಪನಿ ಮಾರುಕಟ್ಟೆಗೆ ತಂದ ಸಾಧನ. ಮೊದಲು ಹಾಕಿಕೊಂಡಿದ್ದು ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೊ ಕಾರುಗಳು. ಒಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ವಸ್ತು ಇರುತ್ತದೆ. ಅದರ ಒಂದು ಮುಖಕ್ಕೆ ಎಂಜಿನ್ನಿನ ಹೊಗೆ ತಾಗುತ್ತದೆ, ಇನ್ನೊಂದು ಮುಖಕ್ಕೆ ಹೊರಗಿನ ಗಾಳಿ. ಎರಡೂ ಕಡೆಯ ಆಕ್ಸಿಜನ್ ಪ್ರಮಾಣದಲ್ಲಿ ವ್ಯತ್ಯಾಸ ಇದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಹೊಗೆಯಲ್ಲಿ ಆಕ್ಸಿಜನ್ ಉಳಿಯದಿದ್ದರೆ, ಅಂದರೆ ಮಿಕ್ಸ್ಚರ್ ರಿಚ್ ಆದರೆ, ಸುಮಾರು 0.9 ವೋಲ್ಟ್. ಆಕ್ಸಿಜನ್ ಮಿಕ್ಕಿದ್ದರೆ, ಅಂದರೆ ಲೀನ್ ಆದರೆ, ಸುಮಾರು 0.1 ವೋಲ್ಟ್. ಸರಿಯಾದ ಮಿಕ್ಸ್ಚರ್ ಇರುವುದು ಇವೆರಡರ ನಡುವೆ, 0.45 ವೋಲ್ಟ್ ಹತ್ತಿರ. ಆ ಜಾಗದಲ್ಲಿ ವೋಲ್ಟೇಜ್ ನಿಧಾನಕ್ಕೆ ಏರಿಳಿಯುವುದಿಲ್ಲ, ಆ ಕಡೆಯಿಂದ ಈ ಕಡೆಗೆ ಜಿಗಿಯುತ್ತದೆ. ಹಾಗಾಗಿ ಈ ಸೆನ್ಸರ್ ರಿಚ್ಚೋ ಲೀನೋ ಅಂತ ಹೇಳಬಲ್ಲದು, ಎಷ್ಟು ಅಂತ ಹೇಳಲಾರದು.

ಈ ಉತ್ತರ ನೋಡಿಕೊಂಡೇ ಇಸಿಯು ಪೆಟ್ರೋಲ್ ಸ್ವಲ್ಪ ಕಡಿಮೆ ಮಾಡುತ್ತದೆ, ಸ್ವಲ್ಪ ಜಾಸ್ತಿ ಮಾಡುತ್ತದೆ. ಎಂಜಿನ್ ಬಿಸಿಯಾಗಿ 2500 ಆರ್‌ಪಿಎಂನಲ್ಲಿ ತಿರುಗುತ್ತಿರುವಾಗ ಮುಂದಿನ ಸೆನ್ಸರಿನ (ಸಾಮಾನ್ಯವಾಗಿ ಎರಡು ಇರುತ್ತವೆ, ಎಂಜಿನ್ನಿಗೆ ಹತ್ತಿರದ್ದು ಮುಂದಿನದು) ವೋಲ್ಟೇಜ್ ಸೆಕೆಂಡಿಗೆ ಒಂದೆರಡು ಸಲ ಮೇಲೆ ಕೆಳಗೆ ಓಡಾಡುತ್ತಿರಬೇಕು. ಹಾಗೆ ಓಡಾಡುವುದೇ ಆರೋಗ್ಯದ ಲಕ್ಷಣ.

ಇಲ್ಲಿ ಬಹಳ ಮುಖ್ಯವಾದ ಮಾತೊಂದಿದೆ. ಈ ಸೆನ್ಸರಿಗೆ ಪೆಟ್ರೋಲ್ ಕಾಣಿಸುವುದಿಲ್ಲ. ಅದಕ್ಕೆ ಕಾಣುವುದು ಆಕ್ಸಿಜನ್ ಮಾತ್ರ. ಒಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗೋ ಇಗ್ನಿಷನ್ ಕಾಯಿಲ್ಲೋ ಕೈಕೊಟ್ಟಿದೆ ಅಂದುಕೊಳ್ಳಿ. ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯಲಿಲ್ಲ, ಗಾಳಿಯೂ ಖರ್ಚಾಗಲಿಲ್ಲ. ಎರಡೂ ಹಾಗೇ ಹೊರಗೆ ಬಂದವು. ಮೂಗಿಗೆ ಹಸಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ, ನೋಡಿದವರೆಲ್ಲ ‘ರಿಚ್ ಆಗಿದೆ’ ಅನ್ನುತ್ತಾರೆ. ಸೆನ್ಸರ್ ಮಾತ್ರ ಮಿಕ್ಕಿದ ಆಕ್ಸಿಜನ್ ನೋಡಿ ‘ಲೀನ್’ ಅನ್ನುತ್ತದೆ. ಇಸಿಯು ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆ ಉರಿಯದ ಪೆಟ್ರೋಲ್ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ, ಕನ್ವರ್ಟರ್ ಸುಟ್ಟುಹೋಗುವಷ್ಟು ಬಿಸಿಯಾಗುತ್ತದೆ. ಚೆಕ್ ಎಂಜಿನ್ ಲೈಟ್ ಒಂದೇ ಸಮನೆ ಉರಿಯದೆ ಮಿಣುಕುತ್ತಿದ್ದರೆ ಅದು ಇಂಥ ಮಿಸ್‌ಫೈರ್‌ನ ಎಚ್ಚರಿಕೆ. ಆಗ ಗಾಡಿ ಓಡಿಸುವುದು ಬೇಡ. ಈ ಇಡೀ ಪ್ರಕರಣದಲ್ಲಿ ಸೆನ್ಸರಿನ ತಪ್ಪು ಏನೂ ಇಲ್ಲ, ಕಂಡದ್ದನ್ನೇ ಹೇಳಿದೆ.

ಎಕ್ಸಾಸ್ಟ್ ಲೀಕ್ ಕೂಡ ಇಂಥದ್ದೇ. ಸೈಲೆನ್ಸರ್ ಪೈಪಿನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಸೆನ್ಸರಿಗಿಂತ ಮುಂಚೆ ಗ್ಯಾಸ್ಕೆಟ್ ಹರಿದಿದ್ದರೆ ಅಥವಾ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಂದಾಗುವ ಕೊಳವೆ) ಬಿರುಕು ಬಿಟ್ಟಿದ್ದರೆ ಆ ಕ್ಷಣದಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮತ್ತೆ ‘ಲೀನ್’ ಅನ್ನುವ ಉತ್ತರ. ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಸದ್ದು ಬಂದು, ಬಿಸಿಯಾದಮೇಲೆ ನಿಂತುಹೋದರೆ ಜಾಯಿಂಟುಗಳ ಸುತ್ತ ಕಪ್ಪು ಮಸಿ ಹಿಡಿದಿದೆಯಾ ಅಂತ ನೋಡಿ.

ಕೋಡ್ ಏನು ಹೇಳುತ್ತಿದೆ

ಕೋಡುಗಳಲ್ಲಿ ಎರಡು ಜಾತಿ. ಪಿ0171, ಪಿ0172 ಮಿಕ್ಸ್ಚರಿನ ಬಗ್ಗೆ ಮಾತಾಡುತ್ತವೆ, ಮೊದಲನೆಯದು ಲೀನ್, ಎರಡನೆಯದು ರಿಚ್. ಪಿ0130ರಿಂದ ಪಿ0135ರವರೆಗಿನವು ಮುಂದಿನ ಸೆನ್ಸರ್ ಮತ್ತು ಅದರ ವೈರಿಂಗ್ ಬಗ್ಗೆ, ಪಿ0136ರಿಂದ ಪಿ0141ರವರೆಗಿನವು ಹಿಂದಿನದರ ಬಗ್ಗೆ. ಸ್ಕ್ಯಾನರಿನಲ್ಲಿ ಬ್ಯಾಂಕ್ 1 ಸೆನ್ಸರ್ 1 ಅಂತ ಬಂದರೆ ಕನ್ವರ್ಟರಿಗಿಂತ ಮುಂಚೆ ಇರುವುದು, ಸೆನ್ಸರ್ 2 ಅಂದರೆ ಅದರ ನಂತರದ್ದು. ಬ್ಯಾಂಕ್ ಅಂದರೆ ಸಿಲಿಂಡರುಗಳ ಸಾಲು, ನಾಲ್ಕು ಸಿಲಿಂಡರಿನ ಸಾಮಾನ್ಯ ಕಾರಿನಲ್ಲಿ ಇರುವುದು ಒಂದೇ ಬ್ಯಾಂಕ್.

ಇದರಲ್ಲಿ ಪಿ0135 ಮತ್ತು ಪಿ0141 ಹೀಟರಿನ ಕೋಡುಗಳು. ಜಿರ್ಕೋನಿಯಾ ಕೆಲಸ ಮಾಡಬೇಕಾದರೆ 300 ಡಿಗ್ರಿ ದಾಟಿ ಬಿಸಿಯಾಗಬೇಕು. ಅದಕ್ಕಾಗಿ ಒಳಗೆ ಪುಟ್ಟ ಹೀಟರ್ ಇಟ್ಟಿರುತ್ತಾರೆ. ಈ ಕೋಡ್ ಬಂದಾಗ ಸೆನ್ಸರ್ ಮೇಲೆ ಅನುಮಾನ ಪಡುವುದು ನ್ಯಾಯವೇ, ಆದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಕನೆಕ್ಟರ್ ಬಿಚ್ಚಿ, ಸೆನ್ಸರಿನ ಕಡೆಯ ನಾಲ್ಕು ವೈರುಗಳಲ್ಲಿ ಒಂದೇ ಬಣ್ಣದ ಎರಡರ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಅವೇ ಸಾಮಾನ್ಯವಾಗಿ ಹೀಟರಿನ ವೈರುಗಳು. ಕೆಲವೇ ಓಮ್ ತೋರಿಸಿದರೆ ಹೀಟರ್ ಚೆನ್ನಾಗಿದೆ, ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಉಳಿದ ಎರಡು ಸಿಗ್ನಲ್ ವೈರುಗಳಿಗೆ ಮಾತ್ರ ಓಮ್ ಮೀಟರ್ ಹಚ್ಚಬೇಡಿ. ಮೀಟರ್ ತಾನೇ ಕರೆಂಟ್ ಕಳಿಸಿ ಅಳೆಯುತ್ತದೆ, ಆ ಕರೆಂಟ್ ಜಿರ್ಕೋನಿಯಾಕ್ಕೆ ಒಳ್ಳೆಯದಲ್ಲ.

ಹಾಗೆಯೇ ಪಿ0132, ಅಂದರೆ ವೋಲ್ಟೇಜ್ ಜಾಸ್ತಿ ಅನ್ನುವ ಕೋಡ್. ಸ್ಕ್ಯಾನರಿನಲ್ಲಿ 1.2 ವೋಲ್ಟೋ ಅದಕ್ಕಿಂತ ಹೆಚ್ಚೋ ಕಾಣುತ್ತಿದ್ದರೆ ಸ್ವಲ್ಪ ಯೋಚಿಸಿ. ಈ ಪಿಂಗಾಣಿ ತುಂಡಿನ ಕೈಲಿ ಒಂದು ವೋಲ್ಟ್ ಹುಟ್ಟಿಸುವುದೇ ಕಷ್ಟ. ಹೆಚ್ಚಿನದು ಎಲ್ಲಿಂದ ಬಂತು? ಪಕ್ಕದ ಹೀಟರ್ ವೈರಿನಿಂದ. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಕಾರಿನ ಕನೆಕ್ಟರಿನಲ್ಲಿ ನೀರು ಕೂತಿರಬಹುದು, ಇಲಿ ವೈರ್ ಕಡಿದಿರಬಹುದು. ನಮ್ಮ ಕಡೆ ಇಲಿಗಳದು ಸಣ್ಣ ಸಮಸ್ಯೆಯೇನಲ್ಲ. ಮ್ಯಾನುಯಲ್‌ಗಳಲ್ಲಿ ಅವುಗಳ ಹೆಸರು ಬರುವುದಿಲ್ಲ ಅಷ್ಟೇ.

ಇನ್ನು ಪಿ0420. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್ ಇದು. ಹಿಂದಿನ ಸೆನ್ಸರ್ ಇರುವುದೇ ಕನ್ವರ್ಟರ್ ಕಾಯಲು. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನ ಸೆನ್ಸರ್ 0.6, 0.7 ವೋಲ್ಟಿನ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಮುಂದಿನದರ ಹಾಗೆಯೇ ಅದೂ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಕನ್ವರ್ಟರಿನ ಕಥೆ ಮುಗಿಯುತ್ತಾ ಬಂದಿದೆ. ಕುಣಿಯುತ್ತಿರುವ ಸೆನ್ಸರ್ ಬದುಕಿದೆ ಅಂತಲೇ ಅರ್ಥ ಅಲ್ವಾ? ಅದನ್ನು ಬದಲಾಯಿಸಿ ಏನು ಬಂತು.

ಟ್ರಿಮ್ ಓದುವುದು

ಕೋಡಿಗಿಂತ ಹೆಚ್ಚು ಮಾತಾಡುವುದು ಫ್ಯೂಯಲ್ ಟ್ರಿಮ್. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಪೋರ್ಟಿಗೆ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಇದು ನಿಮಗೇ ಕಾಣುತ್ತದೆ. ಶಾರ್ಟ್ ಟರ್ಮ್ ಟ್ರಿಮ್ ಅಂದರೆ ಇಸಿಯು ಈ ಕ್ಷಣ ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು. ಲಾಂಗ್ ಟರ್ಮ್ ಅಂದರೆ ದಿನ ಕಳೆದಂತೆ ಅದು ಕಲಿತು ಇಟ್ಟುಕೊಂಡ ಲೆಕ್ಕ. ಎರಡನ್ನೂ ಕೂಡಿಸಿ ಓದಬೇಕು. ಮೊತ್ತ ಪ್ಲಸ್ ಐದರಿಂದ ಮೈನಸ್ ಐದರೊಳಗೆ ಇದ್ದರೆ ಚಿಂತೆಯಿಲ್ಲ. ಹತ್ತು ದಾಟಿದರೆ ಹುಡುಕಲು ಶುರು ಮಾಡಬಹುದು. ಇಪ್ಪತ್ತರ ಮೇಲೆ ಹೋದರೆ ಸಾಮಾನ್ಯವಾಗಿ ಲೈಟ್ ಹತ್ತುವ ಹೊತ್ತಾಯಿತು.

ಒಂದು ಉದಾಹರಣೆ ತಗೊಳ್ಳಿ. ಎಂಜಿನ್ ಬಿಸಿಯಾಗಿದೆ, ಐಡ್ಲಿಂಗಿನಲ್ಲಿ ಮೊತ್ತ ಪ್ಲಸ್ 22. ಅಲ್ಲೇ ನಿಲ್ಲಿಸಿಕೊಂಡು 2500 ಆರ್‌ಪಿಎಂಗೆ ಏರಿಸಿದರೆ ಪ್ಲಸ್ 6ಕ್ಕೆ ಇಳಿಯಿತು. ಸೆನ್ಸರೇ ಸುಳ್ಳು ಹೇಳುವುದಾಗಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸುಳ್ಳು ಹೇಳಬೇಕಿತ್ತು. ಇಲ್ಲಿ ಆರ್‌ಪಿಎಂ ಏರಿದಂತೆ ತೊಂದರೆ ಕರಗುತ್ತಿದೆ. ಅಂದರೆ ಒಂದಿಷ್ಟು ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ಬರುತ್ತಿದೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಹರಿದ ವ್ಯಾಕ್ಯೂಮ್ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್, ಇಲ್ಲಾ ಮೇಲೆ ಹೇಳಿದ ಎಕ್ಸಾಸ್ಟ್ ಲೀಕ್.

ನಮ್ಮ ಬಹಳಷ್ಟು ಸಣ್ಣ ಕಾರುಗಳಲ್ಲಿ ಇದಕ್ಕೊಂದು ತಿರುವು ಇದೆ. ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಮಾಫ್ ಸೆನ್ಸರ್ ಅವುಗಳಲ್ಲಿ ಇರುವುದಿಲ್ಲ, ಇನ್‌ಟೇಕ್ ಮ್ಯಾನಿಫೋಲ್ಡಿನ, ಅಂದರೆ ಗಾಳಿ ಒಳಹೋಗುವ ಕೊಳವೆಯ, ಒತ್ತಡ ನೋಡಿ ಲೆಕ್ಕ ಹಾಕುವ ಮ್ಯಾಪ್ ಸೆನ್ಸರ್ ಇರುತ್ತದೆ. ವ್ಯಾಕ್ಯೂಮ್ ಪೈಪ್ ಹರಿದು ಗಾಳಿ ನುಗ್ಗಿದರೆ ಮ್ಯಾನಿಫೋಲ್ಡ್ ಒತ್ತಡವೂ ಏರುತ್ತದೆ. ಇಸಿಯುಗೆ ಆ ಗಾಳಿ ಲೆಕ್ಕಕ್ಕೆ ಸಿಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲೂ ಕೊಡುತ್ತದೆ. ಮಿಕ್ಸ್ಚರ್ ಅಷ್ಟಾಗಿ ಲೀನ್ ಆಗುವುದಿಲ್ಲ, ಬದಲಿಗೆ ಐಡ್ಲಿಂಗ್ ಆರ್‌ಪಿಎಂ ಏರಿ ಕೂರುತ್ತದೆ. ಆದ್ದರಿಂದ ಮ್ಯಾಪ್ ಇರುವ ಕಾರಿನಲ್ಲಿ ಐಡ್ಲಿಂಗಿಗೆ ಮಾತ್ರ ಪ್ಲಸ್ 22 ಬಂದರೆ ನಾನಾದರೆ ಮೊದಲು ಎಕ್ಸಾಸ್ಟ್ ಲೀಕ್ ಮತ್ತು ಮಿಸ್‌ಫೈರ್ ನೋಡುತ್ತೇನೆ, ಆಮೇಲೆ ಪೈಪುಗಳು. ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ತಿಳಿದುಕೊಂಡೇ ಟ್ರಿಮ್ ಓದಿ.

ಇದಕ್ಕೆ ಉಲ್ಟಾ ಆಗಿ, ಐಡ್ಲಿಂಗಿನಲ್ಲಿ ಸರಿಯಿದ್ದು ಏರು ರಸ್ತೆಯಲ್ಲಿ ಎಳೆಯುವಾಗ ಟ್ರಿಮ್ ಏರುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಫ್ಯೂಯಲ್ ಪಂಪ್, ಫಿಲ್ಟರ್, ಕಟ್ಟಿದ ಇಂಜೆಕ್ಟರ್ ಕಡೆ ನೋಡಬೇಕು. ಟ್ರಿಮ್ ಮೈನಸ್ ಇಪ್ಪತ್ತರ ಕಡೆ ಹೋದರೆ ಸೋರುವ ಇಂಜೆಕ್ಟರ್, ತೆರೆದೇ ನಿಂತ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವುದು), ಇಲ್ಲವೇ ಬರೀ ಒಂದೆರಡು ಕಿಲೋಮೀಟರ್ ಓಡಾಟದಿಂದ ಪೆಟ್ರೋಲ್ ಬೆರೆತ ಎಂಜಿನ್ ಆಯಿಲ್. ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡಿದರೂ ಗೊತ್ತಾಗುತ್ತದೆ.

ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಮೇಲೆ ಟ್ರಿಮ್ ಬಗ್ಗೆ ಗಾಬರಿ ಬೀಳುವವರು ಜಾಸ್ತಿಯಾಗಿದ್ದಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಎಲ್ಲ ಕಡೆ ಅದೇ. ಎಥೆನಾಲ್ ಬೆರೆಯದ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಹತ್ತು ಪರ್ಸೆಂಟ್ ಎಥೆನಾಲ್ ಇದ್ದರೆ ಸುಮಾರು 14.1 ಸಾಕು, ಇಪ್ಪತ್ತು ಪರ್ಸೆಂಟಿಗೆ ಸುಮಾರು 13.5. ಅಂದರೆ ಹತ್ತು ಪರ್ಸೆಂಟಿನಿಂದ ಇಪ್ಪತ್ತಕ್ಕೆ ಬಂದಾಗ ಅದೇ ಗಾಳಿಗೆ ಪೆಟ್ರೋಲ್ ನಾಲ್ಕೈದು ಪರ್ಸೆಂಟ್ ಹೆಚ್ಚು ಬೇಕು. ಹಳೆಯ ಕಾರಿನಲ್ಲಿ ಟ್ರಿಮ್ ಅಷ್ಟು ಮೇಲೆ ಹೋಗಿ ನಿಂತರೆ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದೆ ಅಂತ. ಪ್ಲಸ್ 20 ಬಂದಾಗ ಇ20 ಮೇಲೆ ಗೂಬೆ ಕೂರಿಸಬೇಡಿ, ಲೆಕ್ಕ ಕೂಡುವುದಿಲ್ಲ.

ಸೆನ್ಸರಿನ ಬಾಯಿ ಬಿಡಿಸುವುದು

ಟ್ರಿಮ್ ನೋಡಿಯೂ ಅನುಮಾನ ಹೋಗದಿದ್ದರೆ ನೇರ ಪರೀಕ್ಷೆಗೆ ಇಳಿಯಬಹುದು. ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಬೇಕು. ನಾವೇ ಲೀನ್ ಮಾಡಿದಾಗ ಲೀನ್ ಅನ್ನುತ್ತದಾ? ರಿಚ್ ಮಾಡಿದಾಗ ರಿಚ್ ಅನ್ನುತ್ತದಾ?

ಲೀನ್ ಪ್ರಶ್ನೆಗೆ ಖರ್ಚಿಲ್ಲದ ದಾರಿ ಘಾಟಿ ಇಳಿಯುವುದು. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಇಳಿಯುತ್ತಾ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಇಸಿಯು ಇಂಜೆಕ್ಟರುಗಳನ್ನೇ ನಿಲ್ಲಿಸಿಬಿಡುತ್ತದೆ. ಎಂಜಿನ್ ಬರೀ ಗಾಳಿ ಎಳೆದು ಗಾಳಿ ಉಗುಳುತ್ತದೆ. ಇದಕ್ಕಿಂತ ಲೀನ್ ಇನ್ನೊಂದಿಲ್ಲ. ಮುಂದಿನ ಸೆನ್ಸರ್ ಕೂಡಲೇ 0.1ಕ್ಕಿಂತ ಕೆಳಗೆ ಬೀಳಬೇಕು, ಸ್ವಲ್ಪ ಹೊತ್ತಿಗೆ ಹಿಂದಿನದೂ ಬೀಳಬೇಕು. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಎರಡೂ ಮೇಲೇಳಬೇಕು. ಫೋನ್ ನೋಡುವ ಕೆಲಸ ಪಕ್ಕದಲ್ಲಿ ಕೂತವರಿಗೆ ಬಿಡಿ, ಘಾಟಿಯಲ್ಲಿ ನಿಮ್ಮ ಕಣ್ಣು ರಸ್ತೆ ಮೇಲಿರಲಿ. ಘಾಟಿಯೇ ಬೇಕು ಅಂತೇನಿಲ್ಲ, ಊರಾಚೆಯ ಉದ್ದ ಇಳಿಜಾರೂ ಆಗುತ್ತದೆ.

ರಿಚ್ ಪ್ರಶ್ನೆಗೆ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದೆರಡು ಸೆಕೆಂಡ್ ಎಳೆಸಿ. ಸೆನ್ಸರ್ 0.8, 0.9ಕ್ಕೆ ಏರಿ ಅಲ್ಲೇ ನಿಲ್ಲಬೇಕು. ಈ ಎರಡೂ ಪ್ರಶ್ನೆಗೆ ಸರಿಯಾಗಿ, ತಡಮಾಡದೆ ಉತ್ತರ ಕೊಟ್ಟ ಸೆನ್ಸರನ್ನು ಬಿಟ್ಟುಬಿಡಿ, ತೊಂದರೆ ಬೇರೆ ಕಡೆ ಇದೆ. ಎಳೆಸಿದಾಗ 0.9ಕ್ಕೆ ಏರದೆ 0.5ರ ಹತ್ತಿರವೇ ತಿಣುಕಾಡಿದರೆ ಎರಡು ಸಾಧ್ಯತೆ. ಪೆಟ್ರೋಲ್ ನಿಜಕ್ಕೂ ಸಾಲುತ್ತಿಲ್ಲ, ಇಲ್ಲಾ ಸೆನ್ಸರ್ ಮುದಿಯಾಗಿದೆ. ಫ್ಯೂಯಲ್ ಪ್ರೆಷರ್ ಅಳೆಸಿದರೆ ಯಾವುದು ಅಂತ ತಿಳಿಯುತ್ತದೆ.

ಯಾವ ಪ್ರಶ್ನೆಗೂ ಅಲುಗಾಡದೆ 0.45ರಲ್ಲೇ ನಿಂತಿದ್ದರೆ ‘ಆಹಾ, ಮಿಕ್ಸ್ಚರ್ ಕರೆಕ್ಟಾಗಿದೆ’ ಅಂದುಕೊಳ್ಳಬೇಡಿ. ಹಲವು ಕಾರುಗಳಲ್ಲಿ ಇಸಿಯು ತಾನೇ ಸಿಗ್ನಲ್ ವೈರಿಗೆ 0.45ರಷ್ಟು ವೋಲ್ಟೇಜ್ ಇಟ್ಟಿರುತ್ತದೆ. ಸೆನ್ಸರ್ ಬಿಸಿಯಾಗಿ ತನ್ನ ವೋಲ್ಟೇಜ್ ಕೊಟ್ಟಾಗ ಅದು ಕದಲುತ್ತದೆ. ಕದಲಲಿಲ್ಲ ಅಂದರೆ ಸೆನ್ಸರ್ ಉತ್ತರವನ್ನೇ ಕೊಡುತ್ತಿಲ್ಲ. ವೈರ್ ತುಂಡಾಗಿದೆ, ಹೀಟರ್ ಹೋಗಿದೆ, ಇಲ್ಲಾ ಸೆನ್ಸರ್ ಸತ್ತಿದೆ. ಮಲ್ಟಿಮೀಟರಿನಲ್ಲಿ ಸಿಗ್ನಲ್ ಅಳೆಯುವಾಗ ಮೈನಸ್ ವೋಲ್ಟೇಜ್ ಕಂಡರೆ, ಪ್ರೋಬ್ ಅದಲುಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಸೆನ್ಸರ್ ಬದಲಾಯಿಸಿ. ಹೊರಗಿನ ಗಾಳಿ ಇರಬೇಕಾದ ಮುಖಕ್ಕೇ ಹೊಗೆ ಸೇರಿದೆ ಅಂತ ಅದರ ಅರ್ಥ.

ಪಿ0133, ಅಂದರೆ ಸೆನ್ಸರ್ ನಿಧಾನವಾಗಿದೆ ಅನ್ನುವ ಕೋಡನ್ನು ಅಗ್ಗದ ಡಾಂಗಲ್ಲಿನಿಂದ ಪರೀಕ್ಷಿಸಲು ಹೋಗಬೇಡಿ. ಅದು ಡೇಟಾ ತರುವುದೇ ನಿಧಾನ. ಚುರುಕಾದ ಸೆನ್ಸರೂ ಅದರಲ್ಲಿ ಸೋಮಾರಿಯಂತೆ ಕಾಣುತ್ತದೆ. ಒಂದೇ ಗ್ರಾಫ್ ಇಟ್ಟುಕೊಂಡು ಉಳಿದದ್ದನ್ನೆಲ್ಲ ಆಫ್ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ. ಖಚಿತವಾಗಿ ತಿಳಿಯಬೇಕಾದರೆ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇರುವ ಗ್ಯಾರೇಜ್ ಬೇಕು.

ಹೊರಗಿನಿಂದ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದ ಹಳೆಯ ಕಾರುಗಳಲ್ಲಿ ಇನ್ನೊಂದು ಬಲೆ ಇದೆ. ಹಳೆಯ ಮಿಕ್ಸರ್ ಕಿಟ್ಟುಗಳ ಜೊತೆ ಲ್ಯಾಂಬ್ಡಾ ಎಮ್ಯುಲೇಟರ್ ಅನ್ನುವ ಸಣ್ಣ ಡಬ್ಬಿ ಬರುತ್ತಿತ್ತು. ಗ್ಯಾಸಿನಲ್ಲಿ ಓಡುವಾಗ ಇಸಿಯು ಗಲಾಟೆ ಮಾಡದಿರಲಿ ಅಂತ ಇದು ಸೆನ್ಸರಿನ ವೈರ್ ಮಧ್ಯೆ ಕೂತು ಸುಳ್ಳು ಸಿಗ್ನಲ್ ಕಳಿಸುತ್ತದೆ. ಸ್ಕ್ಯಾನರಿನಲ್ಲಿ 0.1, 0.9 ಅಂತ ಗಡಿಯಾರದಷ್ಟು ಶಿಸ್ತಾಗಿ ಓಡಾಡುತ್ತಿರುತ್ತದೆ, ನಿಜವಾದ ಸೆನ್ಸರ್ ಸತ್ತು ವರ್ಷವಾಗಿದ್ದರೂ. ಆಕ್ಸಿಲರೇಟರ್ ಏನೇ ಮಾಡಿದರೂ ತಾಳ ತಪ್ಪದ ಸಿಗ್ನಲ್ ಕಂಡರೆ ಡಬ್ಬಿ ಹುಡುಕಿ.

ಇಷ್ಟೆಲ್ಲ ಹೇಳಿದ್ದು 0.1ರಿಂದ 0.9ರ ನಡುವೆ ಓಡಾಡುವ ಹಳೆಯ ನಮೂನೆಯ ಸೆನ್ಸರಿಗೆ. ಈಚಿನ ಹಲವು ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಆಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಐದೋ ಆರೋ ವೈರು, ಕೆಲವಕ್ಕೆ ನಾಲ್ಕೇ. ರಿಚ್ಚೋ ಲೀನೋ ಅನ್ನುವುದರ ಜೊತೆಗೆ ಎಷ್ಟು ಅನ್ನುವುದನ್ನೂ ಅದು ಸಣ್ಣ ಕರೆಂಟಿನ ಮೂಲಕ ಹೇಳುತ್ತದೆ. ಅದರ ವೈರಿಗೆ ಮಲ್ಟಿಮೀಟರ್ ಹಿಡಿದು 0.45 ಹುಡುಕುವುದು ದಂಡ. ಆ್ಯಪಿನಲ್ಲಿ ಲ್ಯಾಂಬ್ಡಾ ಅನ್ನುವ ಸಂಖ್ಯೆ ನೋಡಿ. 1.00ರ ಸುತ್ತ ಇದ್ದರೆ ಸರಿ, ಅದಕ್ಕಿಂತ ಕೆಳಗೆ ರಿಚ್, ಮೇಲೆ ಲೀನ್. ಘಾಟಿ ಪರೀಕ್ಷೆ ಇದಕ್ಕೂ ನಡೆಯುತ್ತದೆ, ಸಂಖ್ಯೆ ಒಂದನ್ನು ದಾಟಿ ಮೇಲಕ್ಕೆ ಜಿಗಿಯಬೇಕು.

ಕೊನೆಗೆ ಸೆನ್ಸರೇ ಕೆಟ್ಟಿದೆ ಅಂತ ತೀರ್ಮಾನವಾದರೆ ಬಿಚ್ಚಿದ ಹಳೆಯದರ ತುದಿ ನೋಡಿ. ಕಪ್ಪು ಮಸಿ ಇದ್ದರೆ ರಿಚ್ ಓಡಿದೆ. ಬಿಳಿ ಪುಡಿ ಇದ್ದರೆ ಯಾರೋ ಗ್ಯಾಸ್ಕೆಟ್ ಜಾಗದಲ್ಲಿ ಸಿಲಿಕೋನ್ ಪೇಸ್ಟ್ ಧಾರಾಳವಾಗಿ ಬಳಿದಿರಬಹುದು, ಇಲ್ಲಾ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಹೊಸದರ ವೈರ್ ಉದ್ದ ಸಾಲದೆ ಜೋಡಿಸಬೇಕಾಗಿ ಬಂದರೆ ಬೆಸುಗೆ ಹಾಕಿಸಬೇಡಿ, ಕ್ರಿಂಪ್ ಮಾಡಿಸಿ. ಹಲವು ಸೆನ್ಸರುಗಳು ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ಆ ವೈರಿನ ಎಳೆಗಳ ಸಂದಿಯಿಂದಲೇ. ಬೆಸುಗೆ ಆ ದಾರಿ ಮುಚ್ಚುತ್ತದೆ. ಕನೆಕ್ಟರಿಗೆ ಗ್ರೀಸ್, ಸ್ಪ್ರೇ ಏನೂ ಬೇಡ.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಫೋಟೋ ತೆಗೆದಿಟ್ಟುಕೊಳ್ಳಿ. ಲೈಟ್ ಹತ್ತಿದ ಗಳಿಗೆಯ ಆರ್‌ಪಿಎಂ, ಟ್ರಿಮ್, ಎಂಜಿನ್ ಬಿಸಿ ಎಲ್ಲ ಅದರಲ್ಲಿರುತ್ತದೆ, ಅಳಿಸಿದರೆ ಹೋಯಿತು. ಅಳಿಸಿದಮೇಲೆ ಟ್ರಿಮ್ ಸೊನ್ನೆಯಿಂದ ಶುರುವಾಗಿ ಮತ್ತೆ ಕಲಿಯಲು ಕೆಲವು ದಿನದ ಓಡಾಟ ಬೇಕು. ಅಷ್ಟು ದಿನ ಬಿಟ್ಟು ಅದೇ ಐಡ್ಲಿಂಗ್, ಅದೇ 2500 ಆರ್‌ಪಿಎಂನಲ್ಲಿ ಮತ್ತೆ ನೋಡಿ. ಸಂಖ್ಯೆ ಮತ್ತೆ ಇಪ್ಪತ್ತರ ಕಡೆ ಹತ್ತುತ್ತಿದ್ದರೆ ಲೈಟ್ ಹತ್ತುವವರೆಗೆ ಕಾಯಬೇಡಿ, ಆ ಫೋಟೋ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ.